ಗಂಜಾಂ ಧರ್ಮಕೇಂದ್ರದ ಮರುಕಟ್ಟೋಣ ಮತ್ತು ಅಬ್ಬೆ ದುಬುವಾ

ಕನ್ನಡ ನಾಡಿನ ಸಮಾಜ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಅಬ್ಬೆ ದುಬುವಾ ಎಂಬ ಹೆಸರು ಮೇಲಿಂದ ಮೇಲೆ ಬರುತ್ತದೆ. ದುಬಾಯ್, ದುಬೋಯಿಸ್, ದ್ಯುಬಾ ಎಂದೆಲ್ಲ ಇದನ್ನು ಬರೆಯುವ ರೂಢಿಯಿದೆ. ಅಬ್ಬೆ ಎಂದರೆ ಹಳಗನ್ನಡದ ಓದುಗರಿಗೆ ತಾಯಿ ನೆನಪಾಗುವುದು ಸಹಜ. ಫ್ರೆಂಚ್ ಭಾಷೆಯಲ್ಲಿ ಅದು ಪಾದ್ರಿಯನ್ನು ಗೌರವದಿಂದ ಕರೆಯುವ ಪದ. ಜಾನ್ ಆಂತ್ವಾನ್ ದುಬುವಾ ಅವರ ಹೆಸರು ಉಳಿದಿರುವುದು ಹಿಂದೂಗಳ ಆಚಾರ, ಸಂಪ್ರದಾಯ, ವಿಧಿಗಳನ್ನು ಕುರಿತ ಅವರ ಬೃಹತ್ ಗ್ರಂಥದಿಂದ. ಆದರೆ ಆ ಗ್ರಂಥ ಸಿದ್ಧವಾದ ಕಾಲದಲ್ಲಿ ಅವರು ಶ್ರೀರಂಗಪಟ್ಟಣದ ದ್ವೀಪದಲ್ಲಿ ಚೆದುರಿಹೋದ ಒಂದು ಕಥೋಲಿಕ ಧರ್ಮಕೇಂದ್ರವನ್ನು ಮತ್ತೆ ಕಟ್ಟುತ್ತಿದ್ದ ಗುರುವಾಗಿದ್ದರು. ಗ್ರಂಥಕರ್ತ ದುಬುವಾ ಮತ್ತು ಗಂಜಾಮಿನ ಪಾದ್ರಿ ದುಬುವಾ ಇಬ್ಬರನ್ನೂ ಬೇರೆ ಬೇರೆಯಾಗಿಯೇ ಓದುತ್ತ ಬರಲಾಗಿದೆ. ಇವರಲ್ಲಿ ಒಬ್ಬರ ಕೀರ್ತಿ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗಂಭೀರವಾಗಿ ಪ್ರಶ್ನೆಗೊಳಗಾಯಿತು. ಮತ್ತೊಬ್ಬರ ಕೆಲಸವನ್ನು ಅಷ್ಟಾಗಿ ಯಾರೂ ವಿಚಾರಿಸಿಲ್ಲ.

ಫ್ರಾನ್ಸಿನ ದಕ್ಷಿಣ ಭಾಗದ ಆರ್ದೇಶ್ ಪ್ರಾಂತ್ಯದ ಸೇಂಟ್ ರೆಮೆಜ್ ಎಂಬ ಹಳ್ಳಿ ಅವರ ಹುಟ್ಟೂರು. ಹುಟ್ಟಿದ ವರ್ಷವನ್ನು ಕೆಲವರು 1765 ಎಂದೂ ಕೆಲವರು 1766 ಎಂದೂ ಕೊಡುತ್ತಾರೆ. ಜನವರಿ ತಿಂಗಳೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ವಿವಿಯೇ ಧರ್ಮಪ್ರಾಂತ್ಯದಲ್ಲಿ 1792ರಲ್ಲಿ ಗುರುದೀಕ್ಷೆ ಪಡೆದ ಅವರು ಅದೇ ವರ್ಷ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಹಡಗು ಹತ್ತಿದರು. ಫ್ರೆಂಚ್ ಕ್ರಾಂತಿ ಪಾದ್ರಿಗಳ ಮೇಲೆ ತಿರುಗಿಬಿದ್ದಿದ್ದ ವರ್ಷ ಅದು. ಊರಿನಲ್ಲೇ ಉಳಿದಿದ್ದರೆ ತಮ್ಮ ಜೊತೆಗಾರರಿಗೆ ಒದಗಿದ ಗತಿಯೇ ತಮಗೂ ಒದಗುತ್ತಿತ್ತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಧರ್ಮಪ್ರಚಾರದ ಉತ್ಸಾಹವೊಂದೇ ಅವರನ್ನು ಈ ನಾಡಿಗೆ ತಂದಿತೆಂದು ಬರೆಯುವ ಜೀವನಚರಿತ್ರೆಗಳು ಈ ಸಂದರ್ಭವನ್ನು ಮರೆಯುತ್ತವೆ.

ಮೊದಲು ಪಾಂಡಿಚೇರಿ, ಅನಂತರ ದಕ್ಷಿಣದ ತಮಿಳು ಜಿಲ್ಲೆಗಳು ಅವರ ಕಾರ್ಯಕ್ಷೇತ್ರವಾದವು. 1793ರಲ್ಲಿ ಪಾಂಡಿಚೇರಿ ಇಂಗ್ಲಿಷರ ವಶವಾಯಿತು. ತಾಯ್ನಾಡಿನ ಆಸರೆ ಕಳಚಿ, ಶತ್ರುರಾಷ್ಟ್ರದ ಆಳ್ವಿಕೆಯಲ್ಲಿ ಬದುಕಬೇಕಾದ ಸ್ಥಿತಿ. ಇಲ್ಲಿಯ ಜನರ ಉಡುಪು, ಊಟ, ನಡೆನುಡಿಗಳನ್ನು ಅವರು ತಮ್ಮದಾಗಿಸಿಕೊಂಡರು. ತಲೆಗೆ ರುಮಾಲು, ಉದ್ದನೆಯ ನಿಲುವಂಗಿ, ಕೈಯಲ್ಲಿ ಬಿದಿರ ಕೋಲು, ಗಡ್ಡ; ಆಹಾರದಲ್ಲಿ ಮೇಲ್ಜಾತಿಯವರಿಗೆ ಹೇವರಿಕೆ ತರುವ ಯಾವುದನ್ನೂ ಮುಟ್ಟದ ಎಚ್ಚರ. ಈ ಬಗೆಯ ಹೊಂದಾಣಿಕೆ ಹದಿನೇಳನೆಯ ಶತಮಾನದ ಜೆಸುಯಿಟ್ ಪಾದ್ರಿ ರಾಬರ್ಟೊ ದೆ ನೊಬಿಲಿಯಿಂದ ಬಂದ ಪದ್ಧತಿ. ದುಬುವಾ ಜೆಸುಯಿಟ್ ಅಲ್ಲ. ಆದರೂ ಆ ಪರಂಪರೆಯ ಉತ್ತರಾಧಿಕಾರಿಯಂತೆ ಬದುಕಿದರು. ಅವರ ಬರವಣಿಗೆಯ ವಿಷಯದಲ್ಲಿಯೂ ಈ ಮಾತು ಬೇರೊಂದು ಅರ್ಥದಲ್ಲಿ ನಿಜವಾದುದನ್ನು ಮುಂದೆ ನೋಡಬಹುದು.

ಅವರು ವಹಿಸಿಕೊಂಡ ಮೈಸೂರು ಮಿಷನ್ ಹೊಸದಲ್ಲ. ಇಟಲಿಯ ಜೆಸುಯಿಟ್ ಲಿಯೊನಾರ್ದೊ ಚಿನ್ನಾಮಿ ಹದಿನೇಳನೆಯ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ, ಶ್ರೀರಂಗಪಟ್ಟಣದಲ್ಲಿ ಇದಕ್ಕೆ ನೆಲೆ ಒದಗಿಸಿದ. ಕನ್ನಡವನ್ನು ಶಾಸ್ತ್ರೀಯವಾಗಿ ಕಲಿತು ವ್ಯಾಕರಣವನ್ನೂ ಧರ್ಮಬೋಧೆಯ ಪಠ್ಯವನ್ನೂ ರಚಿಸಿದ ಪಾಶ್ಚಾತ್ಯರಲ್ಲಿ ಅವನು ಬಹಳ ಮೊದಲಿಗ. ಕನ್ನಡ ಅಧ್ಯಯನದ ಚರಿತ್ರೆಯನ್ನು ಬಾಸೆಲ್ ಮಿಷನ್ನಿನಿಂದ ಆರಂಭಿಸುವ ರೂಢಿಯಿಂದಾಗಿ ಚಿನ್ನಾಮಿಗೆ ಸಲ್ಲಬೇಕಾದಷ್ಟು ಗಮನ ಇನ್ನೂ ಸಂದಿಲ್ಲ. 1773ರಲ್ಲಿ ಪೋಪರ ಆಜ್ಞೆಯಿಂದ ಜೆಸುಯಿಟ್ ಸಂಘ ವಿಸರ್ಜನೆಯಾಯಿತು. ಅವರ ಕರ್ನಾಟಿಕ್ ಮಿಷನ್ನಿನ ಹೊಣೆ 1776ರಲ್ಲಿ ಪ್ಯಾರಿಸ್ಸಿನ ಸಂಸ್ಥೆಗೆ ಬಂತು. ಗುರುಗಳ ಸಂಖ್ಯೆ ಕಡಿಮೆ, ಕ್ಷೇತ್ರ ವಿಸ್ತಾರ. ಹಳೆಯ ಜೆಸುಯಿಟರು ಒಬ್ಬೊಬ್ಬರಾಗಿ ತೀರಿಕೊಂಡಂತೆ ಧರ್ಮಕೇಂದ್ರಗಳು ಅನಾಥವಾದವು.

1784ರ ಘಟನೆ ಇದಕ್ಕಿಂತ ದೊಡ್ಡ ಹೊಡೆತ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಕೆನರಾದ ಕಥೋಲಿಕ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕರೆತರಿಸಿದ. ಕರಾವಳಿಯ ಹಲವು ಇಗರ್ಜಿಗಳು ನೆಲಸಮವಾದವು. ಸೆರೆಯಾದವರ ಸಂಖ್ಯೆಯನ್ನು ದುಬುವಾ ಅರುವತ್ತು ಸಾವಿರವೆಂದು ಕೊಡುತ್ತಾರೆ. ಸಮಕಾಲೀನರಾದ ಬೇರೆಯವರು ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಹೇಳಿದ್ದಾರೆ. ಅಂಕಿಗಳ ಈ ಅಂತರವನ್ನು ನೋಡಿದರೆ ಯಾವುದನ್ನೂ ಖಚಿತವೆನ್ನಲಾಗದು. ಘಟನೆ ನಡೆದುದನ್ನು ಅಲ್ಲಗಳೆಯಲೂ ಆಗದು. ಸೆರೆಯಲ್ಲಿ ಅನೇಕರು ಸತ್ತರು, ಅನೇಕರನ್ನು ಮತಾಂತರಿಸಿ ಸೈನ್ಯಕ್ಕೆ ಸೇರಿಸಲಾಯಿತು. ದುಬುವಾ ಈ ಪ್ರಸಂಗವನ್ನು ಬರೆಯುವಾಗ ಸುಲ್ತಾನನನ್ನು ದೂರುವುದಕ್ಕಿಂತ ಹೆಚ್ಚಾಗಿ ತಮ್ಮ ಜನರ ಬಗ್ಗೆಯೇ ಕಹಿಯಾಗುತ್ತಾರೆ. ಅಷ್ಟು ಸಾವಿರ ಜನರಲ್ಲಿ ನಂಬಿಕೆಗಾಗಿ ಪ್ರಾಣ ಕೊಡಲು ಮುಂದೆ ಬಂದವರು ಒಬ್ಬರೂ ಇರಲಿಲ್ಲವೆಂಬುದು ಅವರ ಕೊರಗು. ಇದು ನ್ಯಾಯವಾದ ಮಾತಲ್ಲ. ಕ್ರಾಂತಿಯ ಫ್ರಾನ್ಸಿನಿಂದ ಪಾರಾಗಿ ಬಂದವರು ಹೀಗೆ ಬರೆಯುವಾಗ ತುಸು ತಡೆದುಕೊಳ್ಳಬಹುದಿತ್ತು ಎನಿಸುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಕೋಟೆಯ ಆಡಳಿತ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಗೆ ಬಂತು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಉಳಿದಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವ ಕೆಲಸಕ್ಕಾಗಿ ದುಬುವಾ ಆ ವರ್ಷವೇ ಮೈಸೂರು ಸೀಮೆಗೆ ಬಂದರು. ಸೆರೆಯಿಂದ ಬಿಡುಗಡೆಯಾದ ಕೊಂಕಣಿ ಮಾತಿನ ಕ್ರೈಸ್ತರಲ್ಲಿ ಹೆಚ್ಚಿನವರು ಕರಾವಳಿಗೆ ಮರಳಿದರು, ಕೆಲವರು ಕೊಡಗಿನ ಕಡೆಗೆ ಹೋದರು. ಹೋಗಲು ಊರಿಲ್ಲದವರು, ಮರಳಿದರೂ ಹೊಲಮನೆ ಸಿಗುವ ಭರವಸೆಯಿಲ್ಲದವರು ಶ್ರೀರಂಗಪಟ್ಟಣದಲ್ಲೇ ಉಳಿದರು. ಅವರ ಜೊತೆಗೆ ಮೈಸೂರು ಮಿಷನ್ನಿನ ಹಳೆಯ ಕನ್ನಡ ಮತ್ತು ತಮಿಳು ಮಾತಿನ ಕ್ರೈಸ್ತ ಕುಟುಂಬಗಳೂ ಇದ್ದವು.

ಇಲ್ಲಿ ಎದುರಾದ ಮೊದಲ ಪ್ರಶ್ನೆ ಇಟ್ಟಿಗೆ ಗಾರೆಯದಾಗಿರಲಿಲ್ಲ. ಹದಿನೈದು ವರ್ಷ ಬೇರೊಂದು ಮತದ ಹೆಸರಿನಲ್ಲಿ ಬದುಕಿದವರನ್ನು ಧರ್ಮಸಭೆಗೆ ಮತ್ತೆ ಸೇರಿಸಿಕೊಳ್ಳುವ ಬಗೆ ಹೇಗೆ? ಆ ಅವಧಿಯಲ್ಲಿ ನಡೆದ ಮದುವೆಗಳು ಸಿಂಧುವೆ? ಹುಟ್ಟಿದ ಮಕ್ಕಳಿಗೆ ದೀಕ್ಷಾಸ್ನಾನ ಯಾವ ಹೆಸರಿನಲ್ಲಿ? ಕಠೋರವಾದ ಪ್ರಾಯಶ್ಚಿತ್ತ ವಿಧಿಸಿದ್ದರೆ ಸಮುದಾಯವೇ ಉಳಿಯುತ್ತಿರಲಿಲ್ಲ. ಬರಹದಲ್ಲಿ ಅಷ್ಟು ಕಹಿಯಾದ ದುಬುವಾ ಕೆಲಸದಲ್ಲಿ ಉದಾರಿಯಾದರು. ಹಿಂದಿರುಗಿ ಬಂದ ನೂರಾರು ಜನರನ್ನು ಬರಮಾಡಿಕೊಂಡರು. ಮೈಸೂರಿನ ಕ್ರೈಸ್ತರು ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದದ್ದು ಗ್ರಂಥದ ಕೀರ್ತಿಯಿಂದಲ್ಲ, ಈ ಕೆಲಸದಿಂದ. ಅವರ ಗ್ರಂಥವನ್ನು ಆ ಜನ ಕಂಡಿರಲಿಲ್ಲ.

ಗಂಜಾಮಿನ ಚರ್ಚು 1800ರ ಸುಮಾರಿಗೆ ಕಟ್ಟಲ್ಪಟ್ಟಿತು. ಸ್ಥಳದ ಆಯ್ಕೆಯನ್ನು ಗಮನಿಸಬೇಕು. ಶಹರ್ ಗಂಜಾಂ ಎಂಬುದು ಕೋಟೆಯ ಹೊರಗೆ ದ್ವೀಪದ ಪೂರ್ವಕ್ಕೆ ಟಿಪ್ಪು ಬೆಳೆಸಿದ ಪೇಟೆ. ಶಿರಾದಿಂದ ಬಲವಂತವಾಗಿ ಕರೆತಂದ ಕುಟುಂಬಗಳಿಂದ ಅದನ್ನು ತುಂಬಿಸಲಾಗಿತ್ತು. ಬೇರು ಕಿತ್ತು ತಂದ ಜನರ ಊರಿನಲ್ಲಿ ಬೇರು ಕಿತ್ತು ತಂದ ಇನ್ನೊಂದು ಜನ ತಮ್ಮ ಗುಡಿ ಕಟ್ಟಿಕೊಂಡರು. ಸುಲ್ತಾನನ ಸಮಾಧಿಯಾದ ಗುಂಬಜ್ ಅಲ್ಲಿಂದ ದೂರವಿಲ್ಲ. ದೊಡ್ಡ ಗೋಪುರವಾಗಲಿ ಕುಸುರಿ ಕೆಲಸವಾಗಲಿ ಇಲ್ಲದ ಸರಳ ಕಟ್ಟಡ ಅದು. ಮುಂದಿನ ಎರಡು ದಶಕ ದುಬುವಾ ಅವರ ಬದುಕಿಗೆ ಅದೇ ಕೇಂದ್ರವಾಯಿತು.

ಆದರೆ ಧರ್ಮಕೇಂದ್ರ ಚಿಗುರುತ್ತಿದ್ದಂತೆ ಊರೇ ಬಾಡತೊಡಗಿತು. ರಾಜಧಾನಿ ಮೈಸೂರಿಗೆ ಹೋಗಿತ್ತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷದಷ್ಟಿದ್ದ ದ್ವೀಪದ ಜನಸಂಖ್ಯೆ 1800ರಲ್ಲಿ ಸುಮಾರು 32,000ಕ್ಕೆ ಇಳಿದಿತ್ತೆಂದು ಫ್ರಾನ್ಸಿಸ್ ಬುಕಾನನ್ ಲೆಕ್ಕ ಹಾಕಿದ್ದಾನೆ. ದ್ವೀಪದ ಚಳಿಜ್ವರ ಕುಖ್ಯಾತವಾಗಿತ್ತು. 1809ರ ಸುಮಾರಿಗೆ ಸೈನ್ಯದ ನೆಲೆ ಬೆಂಗಳೂರಿನ ದಂಡು ಪ್ರದೇಶಕ್ಕೆ ಸರಿಯಿತು. ಅದನ್ನು ನಂಬಿ ಬದುಕುತ್ತಿದ್ದ ಕುಶಲಕರ್ಮಿಗಳು, ಅಡುಗೆಯವರು, ಸಣ್ಣ ವ್ಯಾಪಾರಿಗಳು ಅದರ ಹಿಂದೆ ಹೋದರು. ಅವರಲ್ಲಿ ಕ್ರೈಸ್ತರೂ ಬಹಳ ಮಂದಿ. ಬೆಂಗಳೂರಿನ ಈಗಿನ ಸಂತ ಮೇರಿ ಬೆಸಿಲಿಕಾ ಇರುವ ಜಾಗದಲ್ಲಿ, ಸೆಂಜಿಯಿಂದ ವಲಸೆ ಬಂದ ತಮಿಳು ಕ್ರೈಸ್ತರ ಹುಲ್ಲುಹೊದಿಕೆಯ ಪ್ರಾರ್ಥನಾ ಮಂದಿರವಿತ್ತು ಎಂಬುದು ಆ ಚರ್ಚಿನ ಪರಂಪರೆ. 1811ರ ಹೊತ್ತಿಗೆ ದುಬುವಾ ಅಲ್ಲಿ ಬಲಿಪೂಜೆ ನಡೆಸಿ ಚಿಕ್ಕ ಗುಡಿಯೊಂದನ್ನು ಕಟ್ಟಿಸಿದರೆಂದೂ ಅದೇ ಪರಂಪರೆ ಹೇಳುತ್ತದೆ. ಅದೇ ವರ್ಷ ಮಂಗಳೂರಿನಲ್ಲಿ, 1784ರಲ್ಲಿ ನೆಲಸಮವಾಗಿದ್ದ ಮಿಲಾಗ್ರಿಸ್ ಇಗರ್ಜಿ ಮತ್ತೆ ಎದ್ದಿತು.

ಸೈನ್ಯದ ಬೆನ್ನು ಹತ್ತಿ ಬದುಕುವ ಸಮುದಾಯಕ್ಕೆ ಭವಿಷ್ಯವಿಲ್ಲವೆಂಬುದು ದುಬುವಾ ಅವರಿಗೆ ಬೇಗ ತಿಳಿದಿರಬೇಕು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಅವರು ಬಡ ಕ್ರೈಸ್ತ ಕುಟುಂಬಗಳನ್ನು ನೆಲೆಗೊಳಿಸಿ ಬೇಸಾಯದ ವಸತಿಯೊಂದನ್ನು ರೂಪಿಸಿದರು. ಈ ಕಾರ್ಯಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ. ಉಳುವ ನೆಲವಿದ್ದುದರಿಂದಲೇ ಹಾಸನ ಸೀಮೆಯ ಕನ್ನಡ ಮಾತಿನ ಕ್ರೈಸ್ತರು ಒಕ್ಕಲುತನದ ಸಮುದಾಯವಾಗಿ ಬೆಳೆದರು. ಇಲ್ಲಿಯೇ ಒಂದು ತಪ್ಪು ಗ್ರಹಿಕೆಯನ್ನು ಸರಿಪಡಿಸುವುದು ಉಚಿತ. ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ತಲೆಯೆತ್ತುವ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಚರ್ಚನ್ನು ದುಬುವಾ ಕಟ್ಟಿಸಿದರೆಂದು ಜನಪ್ರಿಯ ಬರಹಗಳಲ್ಲಿ ಆಗಾಗ ಕಾಣುತ್ತದೆ. ಆ ಗಾಥಿಕ್ ಕಟ್ಟಡ 1860ರ ಸುಮಾರಿನದು. ಆಗ ದುಬುವಾ ತೀರಿಕೊಂಡು ಹತ್ತಾರು ವರ್ಷವಾಗಿತ್ತು. ಅದನ್ನು ಕಟ್ಟಿದವರು ಅವರ ನಂತರದ ಪೀಳಿಗೆಯ ಫ್ರೆಂಚ್ ಪಾದ್ರಿಗಳು. ಪ್ರಸಿದ್ಧರ ಹೆಸರಿಗೆ ಎಲ್ಲವನ್ನೂ ಅಂಟಿಸುವ ಅಭ್ಯಾಸ ಐತಿಹ್ಯಗಳಲ್ಲಿ ಸಾಮಾನ್ಯ, ಸಂಶೋಧನಾ ಬರಹಗಳಲ್ಲಿ ಅದು ಸಲ್ಲದು.

ಸಿಡುಬಿನ ಲಸಿಕೆಯನ್ನು ಮೈಸೂರು ಸೀಮೆಯಲ್ಲಿ ಹರಡಿದವರಲ್ಲಿ ದುಬುವಾ ಪ್ರಮುಖರು. ಭಾರತದಲ್ಲಿ ಗೋಸಿಡುಬಿನ ಲಸಿಕೆಯ ಮೊದಲ ಪ್ರಯೋಗ ನಡೆದದ್ದು 1802ರ ಜೂನಿನಲ್ಲಿ, ಮುಂಬಯಿಯಲ್ಲಿ. ಅದಾದ ಕೆಲವೇ ಕಾಲದಲ್ಲಿ ಅವರು ಮೈಸೂರಿನ ಹಳ್ಳಿಗಳಲ್ಲಿ ಸಾವಿರಾರು ಜನರಿಗೆ ಲಸಿಕೆ ಹಾಕಿಸುವ ಕೆಲಸದಲ್ಲಿ ತೊಡಗಿದರು. ಮಾರಿಯಮ್ಮನ ಕೃಪೆ-ಕೋಪಗಳ ವಿಷಯವಾಗಿದ್ದ ರೋಗಕ್ಕೆ ಹಸುವಿನ ಕೀವು ಮದ್ದೆಂದು ನಂಬಿಸುವುದು ಸುಲಭವಾಗಿರಲಾರದು. ಮೈಸೂರು ಅರಮನೆಯಲ್ಲಿ ದೇವಾಜಮ್ಮಣ್ಣಿ ಲಸಿಕೆ ಹಾಕಿಸಿಕೊಂಡ ಪ್ರಸಂಗವನ್ನು ಥಾಮಸ್ ಹಿಕಿಯ ಚಿತ್ರದ ನೆಪದಲ್ಲಿ ಈಚೆಗೆ ಹೆಚ್ಚು ಚರ್ಚಿಸಲಾಗಿದೆ. ಹಳ್ಳಿಗಳ ಕಥೆ ಹಿನ್ನೆಲೆಗೆ ಸರಿದಿದೆ. ಕಂಪನಿ ಸರ್ಕಾರ ದುಬುವಾ ಅವರನ್ನು ಮೆಚ್ಚಿಕೊಳ್ಳಲು ಈ ಸೇವೆಯೂ ಒಂದು ಕಾರಣ.

ಮೆಚ್ಚುಗೆಯ ಮತ್ತೊಂದು ಕಾರಣ ಹಸ್ತಪ್ರತಿ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತು ಫ್ರೆಂಚಿನಲ್ಲಿ ಸಿದ್ಧಪಡಿಸಿದ ಬರಹವನ್ನು ಅವರು ಮೈಸೂರಿನ ರೆಸಿಡೆನ್ಸಿಯಲ್ಲಿದ್ದ ಮಾರ್ಕ್ ವಿಲ್ಕ್ಸ್ ಅವರಿಗೆ ಒಪ್ಪಿಸಿದರು. ವಿಲ್ಕ್ಸ್ ಶಿಫಾರಸಿನ ಮೇಲೆ ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ 1807ರಲ್ಲಿ ಅದನ್ನು ಕಂಪನಿಯ ಪರವಾಗಿ ಕೊಂಡರು. ಬೆಲೆ 8000 ರೂಪಾಯಿ ಎಂದು ಹೇಳಲಾಗುತ್ತದೆ. ಅದರ ಇಂಗ್ಲಿಷ್ ಅನುವಾದ 1816-17ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ದುಬುವಾ ಮೂಲವನ್ನು ತಿದ್ದಿ ವಿಸ್ತರಿಸಿದ್ದರು. ಪರಿಷ್ಕೃತ ಫ್ರೆಂಚ್ ಆವೃತ್ತಿ 1825ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂತು. ಹೆನ್ರಿ ಬೊಷಾಂ 1897ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಆವೃತ್ತಿಯೇ ಇಂದು ಎಲ್ಲರೂ ಬಳಸುವ ಪಠ್ಯ.

ಈ ಗ್ರಂಥದ ಕರ್ತೃತ್ವದ ಪ್ರಶ್ನೆಯನ್ನು ಎತ್ತಿದವರು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯುರ್. ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿದ್ದ, ದೆವೊ ಎಂಬ ಫ್ರೆಂಚ್ ಸೇನಾಧಿಕಾರಿಯ ಹೆಸರಿನ 1777ರ ಹಸ್ತಪ್ರತಿಯೊಂದನ್ನು ಅವರು ಪರಿಶೀಲಿಸಿದರು. ಅದರ ಮೂಲ ಜೆಸುಯಿಟ್ ಪಾದ್ರಿ ಗಾಸ್ತೋಂ ಲೋರಾಂ ಕೇರ್ದು ಅವರ ಕಳೆದುಹೋದ ಬರಹವೆಂದೂ, ದುಬುವಾ ಗ್ರಂಥದ ಬಹುಭಾಗ ಅದೇ ಮೂಲವನ್ನು ಅವಲಂಬಿಸಿದೆಯೆಂದೂ ತೋರಿಸಿ 1987ರಲ್ಲಿ ಎರಡು ಸಂಪುಟಗಳನ್ನು ಪ್ರಕಟಿಸಿದರು. ಕೇರ್ದು ಸಾಮಾನ್ಯ ವಿದ್ವಾಂಸರಲ್ಲ. ಸಂಸ್ಕೃತ, ಲ್ಯಾಟಿನ್, ಗ್ರೀಕ್ ಭಾಷೆಗಳ ನಡುವಿನ ಸಾಮ್ಯವನ್ನು ವಿಲಿಯಂ ಜೋನ್ಸ್‌ಗಿಂತ ಸುಮಾರು ಎರಡು ದಶಕ ಮೊದಲೇ ಪ್ಯಾರಿಸ್ಸಿನ ಅಕಾಡೆಮಿಗೆ ಬರೆದು ತಿಳಿಸಿದವರು, ತೆಲುಗು ನಿಘಂಟುಕಾರರು. 1779ರಲ್ಲಿ ತೀರಿಕೊಂಡ ಅವರ ಹೆಸರು ದುಬುವಾ ಗ್ರಂಥದ ಮುಖಪುಟದಲ್ಲಿ ಇಲ್ಲ.

ಇದು ಬರಿಯ ನೈತಿಕ ಪ್ರಶ್ನೆಯಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದ ಮೈಸೂರು ಸಮಾಜದ ಕಣ್ಣಾರೆ ಕಂಡ ದಾಖಲೆಯೆಂದು ಈ ಗ್ರಂಥವನ್ನು ಆಕರವಾಗಿ ಬಳಸುತ್ತ ಬಂದಿರುವವರು ಅನೇಕರು. ಅದರಲ್ಲಿ ದೊಡ್ಡ ಭಾಗ ಅರ್ಧ ಶತಮಾನದಷ್ಟು ಹಳೆಯದು, ತೆಲುಗು-ತಮಿಳು ಪ್ರದೇಶದ್ದು, ಬೇರೊಬ್ಬರ ಕಣ್ಣಿನದು ಎಂದಾದರೆ ಆಕರದ ಕಾಲ-ದೇಶಗಳೇ ಬದಲಾಗುತ್ತವೆ. ಹಾಗೆಂದು ಎಲ್ಲವನ್ನೂ ಬದಿಗೊತ್ತುವುದು ಸರಿಯಲ್ಲ. ಮೊರಸು ಒಕ್ಕಲಿಗರಲ್ಲಿ ಮಗಳ ಮದುವೆಯ ಸಂದರ್ಭದಲ್ಲಿ ತಾಯಿಯ ಬೆರಳು ಕತ್ತರಿಸುವ ಸಂಪ್ರದಾಯದ ವಿವರಣೆ ಮೈಸೂರು ಸೀಮೆಗೇ ಸೇರಿದ್ದು. ಇಂಥ ಭಾಗಗಳಿಗೆ ದುಬುವಾ ಅವರ ಸ್ವಂತ ತಿರುಗಾಟವೇ ಮೂಲವಾಗಿರುವ ಸಾಧ್ಯತೆ ಹೆಚ್ಚು. ಯಾವುದು ಕೇರ್ದು, ಯಾವುದು ದುಬುವಾ ಎಂದು ಪದರಗಳನ್ನು ಬಿಡಿಸಿ ನೋಡದೆ ಈ ಗ್ರಂಥದಿಂದ ಕರ್ನಾಟಕದ ಬಗ್ಗೆ ಏನನ್ನೂ ಉದ್ಧರಿಸಬಾರದು. ಕನ್ನಡದ ಪ್ರಾಚೀನ ಕೃತಿಗಳ ಪಾಠಾಂತರಗಳನ್ನು ಅಷ್ಟು ಜತನದಿಂದ ನೋಡುವ ನಮ್ಮ ವಿದ್ವತ್ ಪರಂಪರೆ ವಸಾಹತು ಕಾಲದ ಗದ್ಯಕ್ಕೆ ಅದೇ ಶಿಸ್ತನ್ನು ಅನ್ವಯಿಸಿಲ್ಲ.

ಕನ್ನಡದ ದೃಷ್ಟಿಯಿಂದ ಇನ್ನೂ ಕುತೂಹಲಕರವಾದುದು 1826ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ಅವರ ಪಂಚತಂತ್ರ. ತಮಿಳು, ತೆಲುಗು, ಕನ್ನಡ ಭಾಷೆಗಳ ಮೂರು ಪ್ರತಿಗಳನ್ನು ಇಟ್ಟುಕೊಂಡು, ಕಥೆಗಳನ್ನು ಆಯ್ದು ಫ್ರೆಂಚಿಗೆ ತಂದುದಾಗಿ ಅವರು ತಿಳಿಸಿದ್ದಾರೆ. ಇದರೊಂದಿಗೆ ಪರಮಾರ್ಥ ಗುರುವಿನ ಕಥೆಯನ್ನೂ ಸೇರಿಸಿದರು. ಅದು ತಮಿಳಿನಲ್ಲಿ ಬೆಸ್ಕಿ ಪಾದ್ರಿ ರಚಿಸಿದ ಹಾಸ್ಯಕಥನ. ದುರ್ಗಸಿಂಹನ ಕನ್ನಡ ಪಂಚತಂತ್ರ ವಸುಭಾಗಭಟ್ಟನ ಪರಂಪರೆಯದು. ದುಬುವಾ ಅನುವಾದ ವಿಷ್ಣುಶರ್ಮನ ಹೆಸರನ್ನು ಹೇಳುತ್ತದೆ. ಆದ್ದರಿಂದ ಅವರ ಕೈಯಲ್ಲಿದ್ದ ಕನ್ನಡ ಪ್ರತಿ ದುರ್ಗಸಿಂಹನದಾಗಿರದೆ ಮೈಸೂರು ಸೀಮೆಯಲ್ಲಿ ಬಳಕೆಯಲ್ಲಿದ್ದ ಈಚಿನ ಗದ್ಯರೂಪವೊಂದು ಆಗಿದ್ದಿರಬಹುದು.

ಗಂಜಾಮಿನ ಗುರು ತನ್ನ ಕೆಲಸವನ್ನು ಹೇಗೆ ಅಳೆದುಕೊಂಡ ಎಂಬುದಕ್ಕೆ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳು ಉತ್ತರ ಕೊಡುತ್ತವೆ. ಹಿಂದೂಗಳನ್ನು ಮತಾಂತರಿಸುವುದು ಅಸಾಧ್ಯವೆಂಬುದು ಅವುಗಳ ತಿರುಳು. ಕಾಲು ಶತಮಾನದ ತಮ್ಮ ದುಡಿಮೆಯಿಂದ ಹೊಸದಾಗಿ ಸೇರಿದವರು ಇನ್ನೂರು ಮುನ್ನೂರಕ್ಕಿಂತ ಹೆಚ್ಚಿಲ್ಲ, ಅವರಲ್ಲಿಯೂ ಹೆಚ್ಚಿನವರು ಹೊಟ್ಟೆಪಾಡಿಗಾಗಿ ಬಂದವರು ಎಂದು ಅವರು ಲೆಕ್ಕ ಒಪ್ಪಿಸಿದರು. ಪ್ರೊಟೆಸ್ಟೆಂಟ್ ಮಿಷನರಿಗಳ ಬೈಬಲ್ ಅನುವಾದಗಳು ನಗೆಪಾಟಲಿಗೆ ಕಾರಣವಾಗುತ್ತಿವೆಯೆಂದು ಟೀಕಿಸಿದರು. ಜೆಸುಯಿಟರ ಹೊಂದಾಣಿಕೆಯ ಕ್ರಮವನ್ನು ರೋಮ್ ನಿಷೇಧಿಸಿದ್ದರಿಂದಲೇ ಅವನತಿ ಆರಂಭವಾಯಿತೆಂದು ಬಗೆದರು. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮೊದಲಾದ ಪ್ರೊಟೆಸ್ಟೆಂಟರು ಮರುವರ್ಷವೇ ಖಂಡನ ಗ್ರಂಥಗಳನ್ನು ಬರೆದರು. ಈ ವಾದವಿವಾದದಲ್ಲಿ ಎರಡು ಪಕ್ಷದವರೂ ಲೆಕ್ಕಕ್ಕೆ ತೆಗೆದುಕೊಂಡದ್ದು ಹೊಸ ಮತಾಂತರಗಳನ್ನು ಮಾತ್ರ. ಗಂಜಾಮಿನಲ್ಲಿ ಮರಳಿ ಸೇರಿದ ಕುಟುಂಬಗಳು, ಸಾತಹಳ್ಳಿಯ ಹೊಲಗಳು, ಲಸಿಕೆಯಿಂದ ಬದುಕಿದ ಮಕ್ಕಳು ದುಬುವಾ ಅವರ ಸ್ವಂತ ಲೆಕ್ಕದಲ್ಲಿಯೂ ಸೋಲಿನ ತಕ್ಕಡಿಯನ್ನು ಸರಿದೂಗಿಸುವಷ್ಟು ತೂಗಲಿಲ್ಲ.

1823ರ ಜನವರಿ 15ರಂದು ಅವರು ಭಾರತವನ್ನು ಬಿಟ್ಟರು. ಕಂಪನಿ ಅವರಿಗೆ ವಿಶೇಷ ವಿಶ್ರಾಂತಿವೇತನ ಕೊಟ್ಟಿತು. ಫ್ರೆಂಚ್ ಪಾದ್ರಿಯೊಬ್ಬರಿಗೆ ಇಂಗ್ಲಿಷ್ ವ್ಯಾಪಾರಿ ಕಂಪನಿಯ ವೇತನ. ಈ ಋಣ ಅವರ ಗ್ರಂಥದ ದೃಷ್ಟಿಯನ್ನು ಎಷ್ಟರಮಟ್ಟಿಗೆ ರೂಪಿಸಿತು ಎಂಬುದು ಪ್ರತ್ಯೇಕ ಚರ್ಚೆಯ ವಿಷಯ. ಪ್ಯಾರಿಸ್ಸಿನಲ್ಲಿ ಅವರು ತಮ್ಮ ಸಂಸ್ಥೆಯ ಗುರುಮಠದ ನಿರ್ದೇಶಕರಲ್ಲಿ ಒಬ್ಬರಾದರು, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಮತ್ತೆ ಮೈಸೂರಿಗೆ ಬರಲಿಲ್ಲ. 1848ರ ಫೆಬ್ರವರಿ 17ರಂದು ತೀರಿಕೊಂಡರು. ಒಂದು ಕ್ರಾಂತಿಯಿಂದ ಪಾರಾಗಿ ಬಂದವರು ಇನ್ನೊಂದನ್ನು ಕಾಣಲಿಲ್ಲ. ಪ್ಯಾರಿಸ್ಸಿನ ಬೀದಿಗಳಲ್ಲಿ ದಂಗೆ ಎದ್ದದ್ದು ಅದೇ ತಿಂಗಳ 22ರಂದು.

ಎರಡು ವರ್ಷಗಳ ಅನಂತರ, 1850ರಲ್ಲಿ, ಮೈಸೂರು ಪ್ರತ್ಯೇಕ ಅಪೊಸ್ತೊಲಿಕ್ ವಿಕಾರಿಯೇಟ್ ಸ್ಥಾನ ಪಡೆಯಿತು. ಎತಿಯೆನ್ ಲೂಯಿ ಶಾರ್ಬೊನೊ ಮೊದಲ ಧರ್ಮಾಧ್ಯಕ್ಷರಾದರು. ಕೇಂದ್ರ ಬೆಂಗಳೂರಾಯಿತು. ಅಲ್ಲಿಯ ಮಿಷನ್ ಮುದ್ರಣಾಲಯದಿಂದ 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟು ಹೊರಬಂತು. ದುಬುವಾ ಕಟ್ಟಿಸಿದರೆನ್ನುವ ಬೆಂಗಳೂರಿನ ಚಿಕ್ಕ ಗುಡಿಯ ಜಾಗದಲ್ಲಿ ಕ್ಲೈನರ್ ಪಾದ್ರಿ ಗಾಥಿಕ್ ಶೈಲಿಯ ದೊಡ್ಡ ಚರ್ಚನ್ನು ಎತ್ತಿಸಿದರು. 1882ರ ಸೆಪ್ಟೆಂಬರ್ 8ರಂದು ಅದರ ಪ್ರತಿಷ್ಠೆ ನಡೆಯಿತು. ಮೈಸೂರಿನಲ್ಲಿ ಮುಮ್ಮಡಿಯವರ ಕಾಲದಲ್ಲಿ, 1843ರಲ್ಲಿ ಕಟ್ಟಿದ ಚರ್ಚಿನ ಜಾಗದಲ್ಲಿ ಸಂತ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಸ್ತಿಭಾರ ಹಾಕಿದರು. ರಾಜಧಾನಿಯೂ ದಂಡೂ ಬಿಟ್ಟುಹೋದ ಗಂಜಾಮಿನಲ್ಲಿ ಅಂಥ ಗೋಪುರಗಳಿಗೆ ಬೇಕಾದ ಜನವೂ ಇರಲಿಲ್ಲ, ಹಣವೂ ಇರಲಿಲ್ಲ. ದೊಡ್ಡಸ್ವಾಮಿಯವರ ಚರ್ಚು ಅಲ್ಲಿ ಈಗಲೂ ಅವರ ಹೆಸರಿನಿಂದಲೇ ಗುರುತಿಸಲ್ಪಡುತ್ತದೆ.